ಢಾಕ್ ಕೇಳಿಸದ ಹಸೆ ಹಾಡು

ಶಕುನ, ಪವಾಡ, ದೇವರ ಲೀಲೆ ಅಂತ ಯಾರಾದರೂ ಮಾತು ತೆಗೆದರೆ ನನಗೆ ಮೊದಲಿನಿಂದಲೂ ಒಂದು ಥರದ ಅಸಹನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು ನಾನು. ಅದರಲ್ಲೂ ಶಬ್ದದ ಪಾಠವೆಂದರೆ ನನಗೆ ಅಚ್ಚುಮೆಚ್ಚು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ, "ನಿದ್ದೆ ಸರಿಯಾಗಿ ಆಗಿರಲಿಲ್ಲವೇನೋ" ಎಂದು ಮಾತು ಮುರಿಯುತ್ತಿದ್ದೆ. ಇದನ್ನು ಓದಿ ನೀವೂ ನನಗೆ ಅದನ್ನೇ ಹೇಳಿದರೆ ಬೇಸರವಿಲ್ಲ. ಆದರೆ ಇದು ನಡೆದದ್ದು ಹಾಡುಹಗಲಿನಲ್ಲಿ, ಕಣ್ಣು ಕಿವಿ ಸರಿಯಿದ್ದ ಹದಿನೈದು ಜನರ ಎದುರಿಗೆ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮೈಸೂರಿನ ಕಡೆಯವನು, ಕೋಲ್ಕತ್ತಕ್ಕೆ ಬಂದು ಬಹಳ ವರ್ಷಗಳಾದವು. ಇಲ್ಲಿ ಕನ್ನಡದ ಹೆಂಗಸರದ್ದೊಂದು ಹಾಡಿನ ಗುಂಪಿದೆ. ಬ್ಯಾಂಕಿನವರು, ಸಂಶೋಧನೆಗೆ ಬಂದ ಹುಡುಗಿಯರು, ಮನೆ ನೋಡಿಕೊಳ್ಳುವವರು ಎಲ್ಲ ಸೇರಿ ಹದಿನಾಲ್ಕು ಜನ. ಗುಂಪು ಕಟ್ಟಿದವರು ಉಡುಪಿ ಕಡೆಯ ವನಜಕ್ಕ. ಗಂಡನ ಜೊತೆ ಸೇರಿ ಬಿಬಿಡಿ ಬಾಗ್ ಕಡೆಯ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುವ ಮೆಸ್ ನಡೆಸುತ್ತಾರೆ. ಗುಂಪಿನಲ್ಲಿ ಸಂಗೀತ ಕಲಿತವರು ಒಬ್ಬರೂ ಇಲ್ಲ. ಒಬ್ಬೊಬ್ಬರದು ಒಂದೊಂದು ಜಿಲ್ಲೆಯ ಕನ್ನಡ. ಅಂಥವರನ್ನು ಗದರಿ, ಪುಸಲಾಯಿಸಿ, ಒಂದೇ ಗಂಟಲಿನಂತೆ ಹಾಡುವ ಹದಕ್ಕೆ ತಂದಿದ್ದರು ಈ ಹೆಂಗಸು. ಹಾಡುವ ಮೊದಲು ಎಲ್ಲರೂ ತುಟಿ ಮುಚ್ಚಿ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಾ ನಿಲ್ಲಬೇಕು, ಅದು ಅವರ ಪದ್ಧತಿ. "ಮೊದ್ಲು ಕೋಣೆ ತುಂಬ್ಲಿ, ಮತ್ತೆ ಹಾಡುವ" ಎನ್ನುತ್ತಿದ್ದರು. ಅವರು ಕಣ್ಸನ್ನೆ ಮಾಡುವವರೆಗೆ ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಆ ವರ್ಷ ಅವರ ಗಂಟಲಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಗಲೇಬೇಕು, ಆದಮೇಲೆ ದನಿ ಉಳಿಯುತ್ತದೆ ಎಂಬ ಭರವಸೆ ಇಲ್ಲ ಎಂದರು ಡಾಕ್ಟರು. ಬೇಸಿಗೆಗೆ ಮಗಳು ಅನಘಾಳ ಮದುವೆ ಗೊತ್ತಾಗಿತ್ತು. ವನಜಕ್ಕ ತಮ್ಮ ತಾಯಿಯಿಂದ ಕಲಿತ ಹಸೆ ಹಾಡೊಂದಿತ್ತು. ವಧು ಹಸೆಮಣೆಯ ಮೇಲೆ ಕೂರುವಾಗ ತಾಯಿಯೇ ಅದನ್ನು ಹಾಡುವುದು ಅವರ ಮನೆಯ ರೂಢಿ. ಇಲ್ಲೇ ಹುಟ್ಟಿ ಬೆಳೆದ ಅನಘಾ ನನ್ನ ಹತ್ತಿರ ಬಂದಳು. "ಸರ್, ಆಪರೇಷನ್‌ಗೆ ಮೊದ್ಲು ಅಮ್ಮನ ವಾಯ್ಸ್ ರೆಕಾರ್ಡ್ ಮಾಡ್ಬೇಕು. ಸ್ಟುಡಿಯೋ ಬೇಡ ಹೇಳ್ತಾರೆ. ಎಲ್ಲರ ಜೊತೆ ನಿಂತೇ ಹಾಡೋದಂತೆ, ಜಿದ್ ಹಿಡಿದಿದ್ದಾರೆ" ಎಂದಳು.

ಹವ್ಯಾಸಕ್ಕೆಂದು ನಾನು ಇಟ್ಟುಕೊಂಡಿದ್ದದ್ದು ಎರಡು ಮೈಕು, ಅಂಗೈಯಗಲದ ಒಂದು ರೆಕಾರ್ಡರು. ಹದಿನಾಲ್ಕು ಕಂಠಕ್ಕೆ ಅದು ಯಾವ ಮೂಲೆಗೂ ಸಾಲದು. ಸ್ಟ್ಯಾಂಡೂ ಒಂದೇ. ಅದಕ್ಕೆ ಮೆಸ್ಸಿನ ಉದ್ದ ಹಿಡಿಯ ಸೌಟನ್ನು ಅಡ್ಡ ಕಟ್ಟಿ ಎರಡು ತುದಿಗೆ ಎರಡು ಮೈಕು ಸಿಕ್ಕಿಸಿದೆ. ಹಾಡುವವರನ್ನು ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ, ದನಿ ದೊಡ್ಡದಿದ್ದವರನ್ನು ಹಿಂದಕ್ಕೆ, ಸಣ್ಣದಿದ್ದವರನ್ನು ಮುಂದಕ್ಕೆ ಸರಿಸಿದೆ. ವನಜಕ್ಕನನ್ನು ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲಿಸಿದೆ. "ನನ್ನದು ಅಷ್ಟು ಸಣ್ಣ ದನಿಯಾ ಮಾಷ್ಟ್ರೇ?" ಎಂದು ನಕ್ಕರು. ಕಿಟಕಿಗಳಿಗೆ ಎಲ್ಲರ ಮನೆಯ ರಜಾಯಿಗಳನ್ನು ನೇತುಹಾಕಿದೆವು, ಬಾಗಿಲಿಗೆ ಮೆಸ್ಸಿನ ಅಕ್ಕಿ ಮೂಟೆಗಳನ್ನು ಒಟ್ಟಿದೆವು. ಪಾರಾ ಎಂದರೆ ಇಲ್ಲಿ ಕೇರಿ; ನಮ್ಮ ಪಾರಾದ ಮಹಡಿ ಹಾಲೊಂದು ಮಧ್ಯಾಹ್ನದ ಹೊತ್ತಿಗೆ ಹೀಗೆ ನಮ್ಮ ಸ್ಟುಡಿಯೋ ಆಯಿತು. ನೋಡಿ ನನಗೇ ಹೆಮ್ಮೆಯಾಯಿತು.

ಎಡವಟ್ಟಾಗಿದ್ದು ದಿನ ಗೊತ್ತುಮಾಡಿದ್ದರಲ್ಲಿ. ವನಜಕ್ಕ ಊರಿಂದ ತರಿಸಿದ ಪಂಚಾಂಗ ನೋಡಿ, ರಾಹುಕಾಲ ಗುಳಿಕಕಾಲ ಎಲ್ಲ ತಪ್ಪಿಸಿ, ಆಪರೇಷನ್ನಿಗೆ ಮೊದಲು ಸಿಕ್ಕಿದ ಒಂದೇ ಒಳ್ಳೆಯ ಮಧ್ಯಾಹ್ನ ಆರಿಸಿದ್ದರು. ಆ ಪಂಚಾಂಗದಲ್ಲಿ ನಮ್ಮ ಪಾರಾದ ಸರಸ್ವತಿಯ ಭಾಸಾನ್, ಅಂದರೆ ವಿಸರ್ಜನೆಯ ಮೆರವಣಿಗೆ, ಎಲ್ಲಿರಬೇಕು? ಬಂಗಾಳದಲ್ಲಿ ಇಷ್ಟು ವರ್ಷ ಇದ್ದೂ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಮೆರವಣಿಗೆ ಎಂದರೆ ಢಾಕ್ ಇರಲೇಬೇಕು. ಹೆಗಲಿಗೆ ಹಾಕಿಕೊಂಡು ಕೋಲಿನಲ್ಲಿ ಬಾರಿಸುವ ಆ ದೊಡ್ಡ ಡೋಲು ಓಣಿಗೆ ಬಂದರೆ ಮನೆಯ ಕಿಟಕಿ ಗಾಜು ನಡುಗುತ್ತದೆ. ರಜಾಯಿ ಅದನ್ನು ತಡೆಯುವುದಿಲ್ಲ, ಇದನ್ನು ನನ್ನ ವಿದ್ಯಾರ್ಥಿಗಳೂ ಹೇಳಬಲ್ಲರು.

ಮೊದಲ ಸಲ ಹಾಡಿದಾಗ ಲಾರಿಯ ಹಾರ್ನ್ ಸೇರಿಕೊಂಡಿತು. ಎರಡನೇ ಸಲ ವನಜಕ್ಕನಿಗೆ ಕೆಮ್ಮು ಬಂದು ದನಿ ಒಡೆಯಿತು. ಬಿಸಿನೀರು ಕುಡಿದು ಸುಧಾರಿಸಿಕೊಂಡು, "ಇನ್ನು ಒಂದು ಸಲಕ್ಕೆ ಆಗುವಷ್ಟು ಉಂಟು ಮಾಷ್ಟ್ರೇ, ಹೆಚ್ಚು ಇಲ್ಲ" ಎಂದರು. ಗುಂಪು ಗುಂಯ್ ಎನ್ನಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ಓಣಿಯ ತುದಿಯಲ್ಲಿ ಢಾಕ್ ಎದ್ದಿತು. ಅನಘಾ ಬಾಗಿಲ ಹತ್ತಿರ ತಲೆಯ ಮೇಲೆ ಕೈ ಹೊತ್ತು ಕೂತಳು. ನಿಲ್ಲಿಸೋಣವೆಂದು ನಾನು ಕೈ ಎತ್ತಿದೆ. ವನಜಕ್ಕ ಕಣ್ಣು ಮುಚ್ಚಿಕೊಂಡಿದ್ದರು, ನೋಡಲಿಲ್ಲ. ಗುಂಯ್‌ಕಾರ ಗಟ್ಟಿಯಾಗುತ್ತಾ ಹೋಯಿತು. ಢಾಕ್ ಒಂದು ಸಲ ಹತ್ತಿರ ಬಂದ ಹಾಗಾಯಿತು, ಮತ್ತೆ ಕೇಳಿಸಲಿಲ್ಲ. ಆಮೇಲೆ ವನಜಕ್ಕ ಕಣ್ಣು ತೆರೆದು ಸನ್ನೆ ಮಾಡಿದರು, ಹಾಡು ಎದ್ದಿತು.

ಆ ಹಾಡನ್ನು ಹೇಗೆ ಹೇಳಲಿ? ಅಷ್ಟು ಒಳ್ಳೆಯದಾಗಿ ಆ ಗುಂಪು ಅದಕ್ಕೆ ಮೊದಲು ಹಾಡಿರಲಿಲ್ಲ. ಒಡೆದ ಗಂಟಲೇ ಅಲ್ಲ ಅದು, ತುಂಬಿದ ಕೊಡದ ಹಾಗಿತ್ತು ವನಜಕ್ಕನ ದನಿ. ಹೊರಗಿನ ಒಂದು ಕಾಗೆಯ ಕೂಗೂ ಒಳಗೆ ಬರಲಿಲ್ಲ. ಮೆರವಣಿಗೆ ಬೇರೆ ಓಣಿಗೆ ತಿರುಗಿತು, ಪುಣ್ಯ ಎಂದುಕೊಂಡೆ. ಕೊನೆಯ ಸ್ವರ ಆರಿದ್ದೇ ತಡ ಢಾಕ್ ಗಾಜು ನಡುಗಿಸುತ್ತಾ ನುಗ್ಗಿತು.

ರಜಾಯಿ ಸರಿಸಿ ನೋಡಿದರೆ ಮೆರವಣಿಗೆಯ ಬಾಲ ಆಗಲೇ ಮುಂದಿನ ತಿರುವಿನಲ್ಲಿತ್ತು. ನಮ್ಮ ಕಿಟಕಿಯ ಕೆಳಗೆ ರಸ್ತೆ ತುಂಬ ಗುಲಾಬಿ ಬಣ್ಣದ ಪುಡಿ, ತುಳಿದ ಹೂವು. ಎದುರಿನ ಮಿಠಾಯಿ ಅಂಗಡಿಯ ದಾದಾ ನನ್ನನ್ನು ಕಂಡು ನಗುತ್ತಾ, ಇಷ್ಟು ಹೊತ್ತು ನಿಮ್ಮ ಕಿಟಕಿಯ ಕೆಳಗೇ ದೇವಿಯನ್ನು ನಿಲ್ಲಿಸಿಕೊಂಡು ಕುಣಿದರು, ನೀವೇಕೆ ಇಣುಕಲಿಲ್ಲ ಎಂದು ಕೇಳಿದರು. ನಾನು ಕೆಳಗಿಳಿದು ಹೋದಾಗ ಮೊಬೈಲಿನಲ್ಲಿ ವೀಡಿಯೊ ತೋರಿಸಿದರು. ಮುಚ್ಚಿದ ನಮ್ಮ ಕಿಟಕಿ, ಅದರ ಕೆಳಗೆ ಸರಸ್ವತಿ, ಕಿವಿ ಕಿತ್ತುಹೋಗುವಷ್ಟು ಢಾಕ್. ಅವರ ಮೊಬೈಲಿನ ಸಮಯವನ್ನೂ ನನ್ನ ರೆಕಾರ್ಡರಿನ ಸಮಯವನ್ನೂ ತಾಳೆ ನೋಡಿದೆ. ನಾವು ಹಾಡುತ್ತಿದ್ದ ಹೊತ್ತೇ ಅದು. ಒಳಗಿದ್ದ ಒಬ್ಬೊಬ್ಬರನ್ನೂ ಕೇಳಿದೆ. ಯಾರಿಗೂ ಏನೂ ಕೇಳಿಸಿರಲಿಲ್ಲ.

ನಾವು ಮೈಮರೆತಿದ್ದೆವು ಎನ್ನಬಹುದು. ಮೈಕು ಮೈಮರೆಯುವುದಿಲ್ಲವಲ್ಲ. ಕಂಪ್ಯೂಟರಿನಲ್ಲಿ ಹಾಕಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಗುಂಯ್‌ಕಾರದ ಶುರುವಿನಲ್ಲಿ ಢಾಕ್ ಸ್ಪಷ್ಟವಾಗಿದೆ, ಆಮೇಲೆ ಅದರ ಗುರುತೂ ಇಲ್ಲ, ಹಾಡು ಮುಗಿದ ಮೇಲೆ ಮತ್ತೆ ಇದೆ. ಗುಂಪಿನವರೆಲ್ಲ ಸರಸ್ವತಿಯೇ ನಿಂತು ಕೇಳಿದಳು ಎಂದರು. ನಾನು ಹೌದೆನ್ನಲಿಲ್ಲ, ಆದರೆ ಮೊದಲಿನ ಹಾಗೆ ನಗಲೂ ಇಲ್ಲ.

ಆಪರೇಷನ್ ಆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ದನಿ ಹೋಯಿತು. ಈಗ ವನಜಕ್ಕ ಬರೀ ಉಸಿರಿನಲ್ಲಿ ಮಾತಾಡುತ್ತಾರೆ. ಬೇಸಿಗೆಯಲ್ಲಿ ಅನಘಾ ಹಸೆಗೆ ಕೂತಾಗ ಆ ಹಾಡು ಹಾಕಿದೆವು. ಗಂಡಿನ ಕಡೆಯವರೊಬ್ಬರು ಬಂದು ಯಾವ ಸ್ಟುಡಿಯೋ ಎಂದು ಕೇಳಿದರು. ವನಜಕ್ಕ ನನ್ನ ಕಡೆ ನೋಡಿ, ಸೌಟಿನಿಂದ ಬಡಿಸುವ ಹಾಗೆ ಕೈ ಮಾಡಿ ತೋರಿಸಿದರು. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಮುಂದಿನ ವರ್ಷ ಬೇಕೆಂದೇ ಭಾಸಾನ್ ದಿನ ಅದೇ ಹಾಲು ಹಿಡಿದೆ. ಅದೇ ಎರಡು ಮೈಕು, ಅದೇ ಸೌಟು, ಅವೇ ರಜಾಯಿಗಳು. ಈ ಸಲ ಗುಂಯ್ ಎಂದವರು ಹದಿಮೂರು ಜನ. ವನಜಕ್ಕ ಮುಂದೆ ನಿಂತು ಬರೀ ಕೈಯಾಡಿಸಿದರು. ಢಾಕ್ ಓಣಿಯ ತುದಿಯಲ್ಲಿ ಎದ್ದಿತು, ಹತ್ತಿರ ಬಂತು, ಗಾಜನ್ನೂ ಸೌಟನ್ನೂ ನಡುಗಿಸಿತು. ಹಾಡು ಅದರಲ್ಲಿ ಮುಳುಗಿಹೋಯಿತು.

ವನಜಕ್ಕ ಹೆಡ್‌ಫೋನ್ ಹಾಕಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಬೇಸರಪಟ್ಟುಕೊಳ್ಳುತ್ತಾರೆಂದು ನಾನು ಹೆದರಿದ್ದೆ. ಹೆಡ್‌ಫೋನ್ ತೆಗೆದಾಗ ಅವರ ಮುಖ ಅರಳಿತ್ತು.

"ಹಾಗಾದ್ರೆ ನನ್ನದು ಸಣ್ಣ ದನಿ ಅಲ್ಲ ಮಾಷ್ಟ್ರೇ" ಎಂದರು ಉಸಿರಿನಲ್ಲಿ.

ಶಬ್ದದ ಪಾಠ ಮಾಡುವವನು ಅದಕ್ಕೆ ಏನಾದರೂ ವಿವರಣೆ ಕೊಡಬೇಕಿತ್ತು. "ಅಲ್ಲ ಅಕ್ಕ" ಎಂದೆ.