ಎತ್ತು ಗುಮ್ಮಿದ ಕಾರನ್ನು ಮಾರಿದ್ದು

ಹೋದ ವರ್ಷ ರಾಗಿ ಕಣ ಮುಗಿದಿತ್ತು, ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯ ನೀಲಿ ಕಾರನ್ನು ಮಾರುವುದೆಂದು ತೀರ್ಮಾನವಾಗಿತ್ತು. ನಮ್ಮೂರು ಗಾವಡಗೆರೆ ಪಕ್ಕ. ಹುಣಸೂರಿಗೆ ಹೋಗಿ ಬರಲು ಬಸ್ಸಿದೆ, ಕಾರು ಏಕೆ ಎಂದು ಕೊಳ್ಳುವಾಗಲೇ ಹೇಳಿದ್ದೆ. ಯಾರೂ ಕೇಳಿರಲಿಲ್ಲ. ಈಗ ಮಾರುವ ಮಾತು ತೆಗೆದವಳು ನನ್ನ ಸೊಸೆ ಸವಿತ.

ಅವಳಿಗೆ ಒಂದು ಗೂಡ್ಸ್ ಆಟೋ ಬೇಕಾಗಿತ್ತು. ನಮ್ಮದೂ ಅಕ್ಕಪಕ್ಕದವರದೂ ತರಕಾರಿ ತುಂಬಿಕೊಂಡು ತಾನೇ ಮಾರ್ಕೆಟ್ಟಿಗೆ ಓಡಿಸಬೇಕು ಎನ್ನುವುದು ಅವಳ ಆಸೆ. ಅದಕ್ಕೆಂದೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದಳು. ಕೆ.ಆರ್. ನಗರದಲ್ಲಿ ಒಬ್ಬರು ತಮ್ಮ ಹಳೇ ಆಟೋ ಕೊಡಲು ಒಪ್ಪಿದ್ದರು. "ಶಿವರಾತ್ರಿಗಂಟ ಕಾಯ್ತೀನಿ ಕಣಮ್ಮ. ಆಮ್ಯಾಕೆ ಯಾರು ಮೊದ್ಲು ಬತ್ತಾರೋ ಅವ್ರಿಗೆ" ಅಂದಿದ್ದರಂತೆ. ಕಾರು ಹೋದರೆ ಆಟೋ ಬರುತ್ತದೆ, ಹೋಗದಿದ್ದರೆ ಇಲ್ಲ.

ಕಾರಿನ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಇದ್ದ ಐಬು ಒಂದೇ. ಎಡಗಡೆ ಹಿಂದಿನ ಬಾಗಿಲಲ್ಲಿ ಸಾರಿನ ಬಟ್ಟಲಷ್ಟು ಗುಳಿ. ಅದು ನಮ್ಮ ಎತ್ತು ಮಲ್ಲನ ಕೆಲಸ. ಆಯುಧಪೂಜೆ ದಿನ ಸವಿತ ಕಾರು ತೊಳೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕೊಟ್ಟಿಗೆ ಮುಂದೆ ನಿಲ್ಲಿಸಿದ್ದಳು. ಬಾಗಿಲು ಕನ್ನಡಿ ಥರ ಹೊಳೆಯುತ್ತಿತ್ತು. ಕೆರೆಯಲ್ಲಿ ನೀರು ಕುಡಿದು ಬಂದ ಮಲ್ಲ ಅದರೊಳಗೆ ಇನ್ನೊಂದು ಎತ್ತನ್ನು ಕಂಡ. ನಿಂತ, ಬುಸ್ಸೆಂದ, ತಲೆ ತಗ್ಗಿಸಿ ಒಂದು ಕೊಟ್ಟ. ಕೊಂಬಿನ ತುದಿಗೆ ಕಾರಿನ ನೀಲಿ ಬಣ್ಣ ಮೆತ್ತಿಕೊಂಡಿತು. ಆವತ್ತು ಎಲ್ಲರೂ ನಕ್ಕೆವು. ಮಾರುವ ಮಾತು ಬಂದಾಗ ಅದೇ ಗುಳಿ ಜಗಳಕ್ಕೆ ಕಾರಣವಾಯಿತು.

"ಅದನ್ನ ಎತ್ತಿಸ್ಬುಡಾನ ಕಣವ್ವ. ಬಂದೋರ ಕಣ್ಣು ಮೊದ್ಲು ಅಲ್ಲಿಗೇ ಓಯ್ತದೆ" ಎಂದ ನನ್ನ ಮಗ ಮಹದೇವ.

"ಎಂಗದೋ ಅಂಗೇ ತೋರ್ಸಿ. ಮಾರೋ ಗಾಡಿಗೆ ಸಿಂಗಾರ ಯಾಕೆ?" ಎಂದಳು ಸವಿತ.

"ನಾವು ನಿನ್ನ ನೋಡಾಕೆ ಬಂದಾಗ ನೀನು ಮೊಕಕ್ಕೆ ಪೌಡ್ರು ಆಕಿರ್ಲಿಲ್ವಾ?"

"ಆಕಿದ್ದೆ. ಅದ್ಕೇ ನೀವು ಮೋಸ ಓದ್ರಿ."

ಇಬ್ಬರೂ ನನ್ನ ಮುಖ ನೋಡಿದರು. ನನಗೆ ನನ್ನಪ್ಪನ ನೆನಪಾಯಿತು. ಅವನು ದನದ ಸಂತೆಗಳಲ್ಲೇ ಮುದುಕನಾದವನು. ಮಾರುವವರು ಎತ್ತಿನ ಕೊಂಬು ಹೆರೆದು ನುಣ್ಣಗೆ ಮಾಡಿ ಎಣ್ಣೆ ಹಚ್ಚಿಕೊಂಡು ಬಂದಿದ್ದರೆ ಅವನು ಕೊಂಬಿನ ಕಡೆ ನೋಡುತ್ತಲೇ ಇರಲಿಲ್ಲ. ಸೀದಾ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಇದನ್ನು ಹೇಳಿದ್ದರೆ ಸವಿತಳ ಮಾತು ಗೆಲ್ಲುತ್ತಿತ್ತು. ನಾನು ಹೇಳಲಿಲ್ಲ. ಗುಳಿಯನ್ನು ಹೇಗೆ ಎತ್ತುತ್ತಾರೆ ಎಂದು ನೋಡುವ ಆಸೆ ನನಗೆ. ತಪ್ಪಲೆಗೆ ಗುಳಿ ಬಿದ್ದರೆ ಒಳಗೆ ಕೈ ಹಾಕಿ ತಟ್ಟಬಹುದು. ಕಾರಿನ ಬಾಗಿಲಿಗೆ ಒಳಗೊಂದು ಹೊದಿಕೆ, ಹೊರಗೊಂದು ತಗಡು. ನಡುವೆ ಕೈ ಎಲ್ಲಿಂದ ಹೋಗುತ್ತದೆ?

"ಎತ್ತಿಸ್ರಿ. ನಾನೂ ಬತ್ತೀನಿ" ಎಂದೆ.

ಹುಣಸೂರಿನಲ್ಲಿ ಕಾರಿನ ತಗಡು ಸರಿಮಾಡಿ ಬಣ್ಣ ಹೊಡೆಯುವ ಅಂಗಡಿಗೆ ಹೋದೆವು. ಅಂಗಡಿಯವನು ನನಗೊಂದು ಸ್ಟೂಲ್ ಹಾಕಿ, "ಅಲ್ಲಿ ಕೂತ್ಕಳಿ ಅಜ್ಜಿ, ಧೂಳು ಬರ್ತದೆ" ಎಂದ. ನಾನು ಸ್ಟೂಲನ್ನು ಬಾಗಿಲ ಹತ್ತಿರಕ್ಕೇ ಎಳೆದುಕೊಂಡೆ. ಅವನು ಒಳಗಿನ ಹೊದಿಕೆಯನ್ನು ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿದ. ಒಳಗೆಲ್ಲ ಟೊಳ್ಳು. ಇಷ್ಟು ದಿನ ನಾವು ನಂಬಿ ಕೂತಿದ್ದ ಬಾಗಿಲು ಬಿಸ್ಕತ್ ಡಬ್ಬಕ್ಕಿಂತ ಗಟ್ಟಿ ಏನಲ್ಲ. ಅವನು ಒಳಗಿನಿಂದ ತಟ್ಟಿದ, ಹೊರಗಿನಿಂದ ಕಬ್ಬಿಣದ ಗಟ್ಟಿ ಆನಿಸಿ ಹಿಡಿದ. ಮುಕ್ಕಾಲು ಗುಳಿ ಎದ್ದಿತು. ಉಳಿದದ್ದಕ್ಕೆ ಪುಟ್ಟಿ ಎಂದು ಬೂದು ಬಣ್ಣದ ಹಿಟ್ಟಿನಂಥದ್ದನ್ನು ಮೆತ್ತಿದ.

"ಇದೇನಪ್ಪ, ಗ್ವಾಡೆಗೆ ಮಣ್ಣು ಮೆತ್ತಿದಂಗೆ ಮೆತ್ತಿದೆ?"

"ಅದೇ ಕೆಲ್ಸ ಅಜ್ಜಿ. ಒಣಗಿದ ಮೇಲೆ ಉಜ್ಜಿ ಬಣ್ಣ ಹೊಡೆದ್ರೆ ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಲ್ಲ."

ಅವನು ನಕ್ಕ. ಮಹದೇವ ನಗಲಿಲ್ಲ. ಕಾರು ತರಲು ಹೋದ ದಿನ ಅಂಗಡಿಯವನು ಉಳಿದ ಬಣ್ಣವನ್ನು ಒಂದು ಬಾಟಲಿಗೆ ಹಾಕಿ ಕೊಟ್ಟ. ಎಲ್ಲಾದರೂ ಗೀರು ಬಿದ್ದರೆ ಹಚ್ಚಿಕೊಳ್ಳಿ ಎಂದ. ಬಾಗಿಲು ಚೆನ್ನಾಗೇ ಬಂದಿತ್ತು. ಆದರೆ ಅದೊಂದೇ ಬಾಗಿಲು ಮದುಮಗಳ ಥರ ಮಿನುಗುತ್ತಿತ್ತು, ಮಿಕ್ಕ ಕಾರು ಮದುವೆಗೆ ಬಂದ ನೆಂಟರ ಥರ ಇತ್ತು.

ಸಂಕ್ರಾಂತಿ ಬಂತು. ಸಂಜೆ ಕಿಚ್ಚು ಹಾಯಿಸಬೇಕು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿಯಬೇಕು. ಅಂಗಡಿಯಿಂದ ತರುವ ಬಣ್ಣ ಎರಡು ದಿನಕ್ಕೆ ಉದುರಿಹೋಗುತ್ತದೆ. ಸವಿತಳ ಕಣ್ಣಿಗೆ ಆ ಬಾಟಲಿ ಬಿತ್ತು. ಕಾರಿನ ಬಣ್ಣವನ್ನೇ ಕೊಂಬಿಗೆ ಬಳಿದಳು. ಊರಿಗೆಲ್ಲ ನಮ್ಮ ಎತ್ತಿನ ಕೊಂಬೇ ಕೊಂಬು. ಯಾವ ಅಂಗಡಿಯ ಬಣ್ಣ ಎಂದು ಮೂರು ಮನೆಯವರು ಕೇಳಿಕೊಂಡು ಬಂದರು. ಇದರಿಂದ ಮುಂದೆ ಏನಾಗುತ್ತದೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹಬ್ಬ ಮುಗಿದ ಮೇಲೆ ಕಾರು ನೋಡಲು ಪಿರಿಯಾಪಟ್ಟಣದಿಂದ ಒಬ್ಬ ಬಂದ. ಎಂಜಿನ್ ನೋಡಲಿಲ್ಲ, ಚಕ್ರ ನೋಡಲಿಲ್ಲ. ಸೀದಾ ಹೊಸ ಬಾಗಿಲ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಕುಟ್ಟಿದ. ಆಮೇಲೆ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿದ. ಅಂಚಿನಲ್ಲಿ ಅಂಟಿತು, ನಡುವೆ ಜಾರಿ ಬಿತ್ತು.

"ಪುಟ್ಟಿ ಮೆತ್ತವ್ರೆ. ಎಲ್ಲಿ ಹೊಡೆಸ್ಕೊಂಡಿದ್ರಿ ಗಾಡಿನ?"

"ಹೊಡೆಸ್ಕಂಡಿಲ್ಲ ಕಣಣ್ಣ. ನಮ್ಮೆತ್ತು ಗುಮ್ತು" ಎಂದ ಮಹದೇವ.

"ಎತ್ತಾ? ಲಾರಿ ಅಂದಿದ್ರೂ ನಂಬ್ತಿದ್ದೆ."

"ಒಸಿ ಅದನ್ನ ಕೊಡಪ್ಪ ಇಲ್ಲಿ" ಎಂದು ನಾನು ಅಯಸ್ಕಾಂತ ಇಸಿದುಕೊಂಡೆ. ಕಾರಿನ ಸುತ್ತ ಹಿಡಿದು ನೋಡಿದೆ. ಬೇರೆಲ್ಲ ಕಡೆ ಕಚ್ಚಿಕೊಂಡಿತು. ಮನೆಯ ಸ್ಟೀಲ್ ಚೊಂಬಿಗೆ ಹಿಡಿದೆ, ಅಂಟಲಿಲ್ಲ. ಅದೂ ಸ್ಟೀಲೇ ಎಂದು ಪಾತ್ರೆ ಅಂಗಡಿಯವನು ಕೊಟ್ಟ ಇನ್ನೊಂದು ಚೊಂಬಿಗೆ ಅಂಟಿತು. ಇದು ಹೇಗೆ ಎಂದು ಕೇಳುವಷ್ಟರಲ್ಲಿ ಅವನು ಅಯಸ್ಕಾಂತ ಕಿತ್ತುಕೊಂಡು ಹೊರಟೇಹೋದ.

ಇನ್ನೊಬ್ಬ ಬಂದ. ಅವನ ಹತ್ತಿರ ಅಯಸ್ಕಾಂತ ಇರಲಿಲ್ಲ, ಬರೀ ಕಣ್ಣಲ್ಲೇ ಕಂಡುಹಿಡಿದ. "ಒಂದೇ ಬಾಗ್ಲು ಯಾಕೆ ಹೊಸದು?" ಎಂದ. ಎತ್ತಿನ ಕತೆ ಕೇಳಿ ತಲೆ ಅಲ್ಲಾಡಿಸಿದ. ಗಾವಡಗೆರೆಯಲ್ಲಿ ಮಹದೇವನ ಕಾರು ಆಕ್ಸಿಡೆಂಟ್ ಗಾಡಿ ಎಂದು ಮಾತು ಹಬ್ಬಿತು. ಆಮೇಲೆ ಯಾರೂ ಬರಲಿಲ್ಲ.

ಶಿವರಾತ್ರಿ ಹತ್ತಿರವಾಯಿತು. ಕೆ.ಆರ್. ನಗರದಿಂದ ಫೋನು ಬಂತು. ಬೇರೆ ಯಾರೋ ಆಟೋ ಕೇಳುತ್ತಿದ್ದಾರಂತೆ. ಸವಿತ ಫೋನಿಟ್ಟು ಅವರೆಕಾಯಿ ಸುಲಿಯಲು ಕೂತಳು. ಸಿಪ್ಪೆಯನ್ನು ಪಾತ್ರೆಗೆ, ಕಾಳನ್ನು ಕಸಕ್ಕೆ ಹಾಕುತ್ತಿದ್ದಳು.

"ಗುಳಿ ಇದ್ದಿದ್ರೆ ತೋರ್ಸಬೋದಿತ್ತು. ಈಗ ಏನ ತೋರ್ಸಾನ?" ಎಂದಳು.

"ಎತ್ತು ಅದೆಯಲ್ಲ, ತೋರ್ಸಾಕೆ" ಎಂದೆ.

ಆ ವಾರವೇ ಹಂಪಾಪುರದ ಕಡೆಯಿಂದ ಗಂಡ ಹೆಂಡತಿ ಬಂದರು. ಬೇಸಾಯದವರು. ನಾನು ಮಹದೇವನಿಗೆ ಬಾಯಿ ತೆಗೆಯಲು ಬಿಡಲಿಲ್ಲ.

"ನೋಡಪ್ಪ, ಆ ಬಾಗ್ಲಿಗೆ ಪುಟ್ಟಿ ಮೆತ್ಸಿದ್ದೀವಿ. ಮೊದ್ಲು ಗುಮ್ಮಿದೋನ್ನ ನೋಡು, ಆಮ್ಯಾಕೆ ಗಾಡಿ ನೋಡು" ಎಂದು ಸೀದಾ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಮಲ್ಲ ಹುಲ್ಲು ಮೇಯುತ್ತಿದ್ದ. ಬಂದವನು ಒಮ್ಮೆ ಕೊಂಬು ನೋಡಿದ, ತಿರುಗಿ ಕಾರು ನೋಡಿದ, ಮತ್ತೆ ಕೊಂಬು ನೋಡಿದ.

"ಏನಜ್ಜಿ, ನಂಬ್ಲಿ ಅಂತ ಕೊಂಬಿಗೂ ಕಾರಿನ ಬಣ್ಣ ಬಳ್ದಿದ್ದೀರಲ್ಲ! ಭೇಷ್!"

ಮೊದಲು ಕೊಂಬಿನಲ್ಲಿ ಮೆತ್ತಿದ್ದ ಬಣ್ಣ ಒಂದು ಸಾಕ್ಷಿಯಾಗಿತ್ತು. ಅದರ ಮೇಲೇ ನಾವು ಹಬ್ಬಕ್ಕೆ ಬಳಿದಿದ್ದೆವು. ಸಂಕ್ರಾಂತಿಗೆ ಹಚ್ಚಿದ್ದು ಎಂದರೆ, ಹಬ್ಬಕ್ಕೆ ಯಾರಾದರೂ ಕಾರಿನ ಬಣ್ಣ ಬಳಿಯುತ್ತಾರಾ ಎಂದು ಅವನು ಕೇಳಿದ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಅವನ ಹೆಂಡತಿ ಮಾತ್ರ ಮಲ್ಲನ ಹತ್ತಿರ ನಿಂತು, "ಇದು ಗುಮ್ಮೋ ಜಾತೀನೇ ಕಣ್ರೀ, ಕಣ್ಣು ನೋಡಿ" ಎಂದಳು.

ನನಗೆ ಒಂದು ಯೋಚನೆ ಬಂತು. ಆಯುಧಪೂಜೆ ದಿನದಿಂದಲೂ ತಲೆಯಲ್ಲಿ ಇದ್ದದ್ದೇ. ಮಲ್ಲ ಇನ್ನೊಂದು ಸಲ ನೋಡಿದರೆ ಇನ್ನೊಂದು ಸಲ ಗುಮ್ಮುತ್ತಾನಾ?

"ಬಲಗಡೆ ಬಾಗ್ಲು ತೊಳ್ದು ಎಣ್ಣೆ ಒರ್ಸಿ ನಿಲ್ಸಾನ. ಇವ್ರ ಎದ್ರಿಗೇ ಆಗ್ಲಿ" ಎಂದೆ.

"ಅವ್ವ, ನಿಂಗೆ ತಲೆ ಕೆಟ್ಟದಾ? ಚೆನ್ನಾಗಿರೋ ಬಾಗ್ಲೂ ಓಯ್ತದೆ!" ಎಂದ ಮಹದೇವ.

"ನಿನ್ನ ಕೇಳ್ನಿಲ್ಲ. ಆಟೋ ಬೇಕಾದೋಳು ಅವ್ಳು. ಏನಮ್ಮಿ, ನೀನೇನಂತೀಯ?"

ಸವಿತ ಕಾರು ನೋಡಿದಳು, ಆ ಗಂಡ ಹೆಂಡತಿಯನ್ನು ನೋಡಿದಳು. ಬಕೆಟ್ಟು ತೆಗೆದುಕೊಂಡು ನಲ್ಲಿಗೆ ಹೋದಳು.

ಬಾಗಿಲು ತೊಳೆದದ್ದಾಯಿತು, ಒರೆಸಿದ್ದಾಯಿತು. ಮುಖ ಕಾಣುವ ಹಾಗೆ ಹೊಳೆಯಿತು. ತಲೆ ತಗ್ಗಿಸಿದ ಕೂಡಲೇ ಹಿಂದಕ್ಕೆ ಎಳೆಯುವುದು, ಗುಮ್ಮಲು ಬಿಡುವುದು ಬೇಡ ಎಂದು ಮಾತಾಯಿತು. ಮಹದೇವ ಮೂಗುದಾರದ ಹಗ್ಗ ಬಿಗಿಹಿಡಿದು ಮಲ್ಲನನ್ನು ತಂದ. ಮಲ್ಲ ಕಾರಿನ ಕಡೆ ನೋಡಲೇ ಇಲ್ಲ. ಬಕೆಟ್ಟಿಗೆ ಮೂತಿ ಹಾಕಿ ಸೋಪಿನ ನೀರು ಮೂಸಿದ. ಸೀನಿದ. ಸಗಣಿ ಹಾಕಿದ.

"ಎಷ್ಟು ಸಾಧು ಪ್ರಾಣಿ ಪಾಪ" ಎಂದ ಹಂಪಾಪುರದವನು, ನನ್ನ ಕಡೆ ನೋಡಿ ನಗುತ್ತಾ. ಸವಿತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಮಹದೇವ ಸಾಕೆಂದು ಮಲ್ಲನನ್ನು ತಿರುಗಿಸಿದ. ತಿರುಗಿಸಿದ್ದೇ ತಡ, ಪಕ್ಕದ ಕಣ್ಣಿಗೆ ಬಾಗಿಲು ಸಿಕ್ಕಿತು. ಮಲ್ಲ ನಿಂತ. ಕಿವಿ ಮುಂದಕ್ಕೆ ಬಂತು. ಬಾಗಿಲೊಳಗಿನ ಎತ್ತೂ ಕಿವಿ ಮುಂದಕ್ಕೆ ತಂದಿತು. ಮುಂಗಾಲಿನಲ್ಲಿ ನೆಲ ಕೆರೆದ. ಅದೂ ಕೆರೆಯಿತು.

"ಎಳೀಲಾ, ಎಳೀಲಾ!" ಎಂದು ನಾನು ಕೂಗಿದೆ. ಮಹದೇವ ಎಳೆದ. ಹಗ್ಗ ಬಿಗಿಯಿತೇ ಹೊರತು ಎತ್ತು ನಿಲ್ಲಲಿಲ್ಲ. ಧಡ್ ಎಂದು ಸದ್ದಾಯಿತು.

ಬಲಗಡೆ ಬಾಗಿಲಲ್ಲಿ ಸಾರಿನ ಬಟ್ಟಲಷ್ಟು ಗುಳಿ. ಹೋದ ಸಲ ಕಾರಿನ ಬಣ್ಣ ಕೊಂಬಿಗೆ ಹತ್ತಿತ್ತು, ಈ ಸಲ ಕೊಂಬಿನ ಬಣ್ಣ ಕಾರಿಗೆ ಹತ್ತಿತ್ತು. ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ಜಗಲಿ ಮೇಲೆ ಕೂತುಬಿಟ್ಟಳು. ನಗು ತಡೆಯಲಾಗದೆ ಕಣ್ಣಲ್ಲಿ ನೀರು. ಸವಿತ ಮಾತ್ರ ಗಂಡಸಿನ ಮುಖವನ್ನೇ ನೋಡುತ್ತಿದ್ದಳು.

ಆತ ಗುಳಿಯನ್ನು ಕೈಯಿಂದ ಸವರಿದ. ಎಡಗಡೆಗೆ ಹೋಗಿ ಆ ಬಾಗಿಲನ್ನೂ ಸವರಿದ. ಪುಟ್ಟಿ ಮೆತ್ತಿದ ಜಾಗವೂ ಹೊಸ ಗುಳಿಯೂ ಒಂದೇ ಎತ್ತರದಲ್ಲಿದ್ದವು. ಆಮೇಲೆ ಬಾನೆಟ್ ತೆಗೆಸಿ ಎಂಜಿನ್ ನೋಡಿದ. ಅದನ್ನು ನೋಡಿದ ಮೊದಲ ಮನುಷ್ಯ ಅವನೇ. ಸವಿತಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಯ ಏರಿವರೆಗೆ ಓಡಿಸಿಕೊಂಡು ಬಂದ.

"ತಗತೀವಿ" ಎಂದ.

ಮಹದೇವನಿಗೆ ಸಂತೋಷ ತಡೆಯಲಾಗದೆ, "ಈ ಗುಳೀನೂ ಎತ್ತಿಸಿಕೊಡ್ತೀನಿ ಕಣಣ್ಣ" ಎಂದುಬಿಟ್ಟ.

"ಮುಟ್ಬ್ಯಾಡಿ!" ಎಂದಳು ಆ ಹೆಂಗಸು. "ಇದು ನಾವು ಕಂಡಿರೋ ಗುಳಿ. ನೀವು ಎತ್ತಿಸಿದ್ರೆ ಆಮ್ಯಾಕೆ ನಮ್ಮೂರೋರ್ಗೆ ನಾವೇನ ತೋರ್ಸದು? ಆದ್ರೂ ನಮ್ ಕಡೆ ಜನ ಆನೆ ಗುಮ್ಮಿದ್ದು ಅಂತಾರೆ ಬುಡಿ."

"ಎತ್ತು ಅಂತ್ಲೇ ಏಳವ್ವ. ನಮ್ಮ ಮಲ್ಲನ ಕೆಲ್ಸಕ್ಕೆ ಆನೆಗ್ಯಾಕೆ ಎಸ್ರು?" ಎಂದೆ.

ದನ ಮಾರಿದರೆ ನಾವು ಹಗ್ಗ ಕೊಡುವುದಿಲ್ಲ. ಹಗ್ಗ ಮನೆಯಲ್ಲೇ ಉಳಿಯಬೇಕು. ಕಾರಿನ ಕೀಗೆ ಕಟ್ಟಿದ್ದ ಕರಿದಾರವನ್ನು ಬಿಚ್ಚಿಕೊಂಡು ಬರೀ ಕೀಯನ್ನು ಅವಳ ಕೈಗೆ ಕೊಟ್ಟೆ. ಅವಳೂ ಬೇಸಾಯದವಳು, ಏಕೆ ಎಂದು ಕೇಳಲಿಲ್ಲ.

ಶಿವರಾತ್ರಿಗೆ ಮುಂಚೆ ನಾವು ಕೆ.ಆರ್. ನಗರಕ್ಕೆ ಹೋದೆವು. ಆಟೋದ ಒಂದು ಪಕ್ಕ ಉದ್ದಕ್ಕೆ ಕೆರೆದುಹೋಗಿತ್ತು. "ಬಣ್ಣ ಹೊಡೆಸಿ ಕೊಡ್ತೀನಮ್ಮ" ಎಂದ ಯಜಮಾನ.

"ಬ್ಯಾಡ, ಅಂಗೇ ಕೊಡಿ. ಎಂಗಾಯ್ತು ಅಂತ ಮಾತ್ರ ಏಳಿ" ಎಂದಳು ಸವಿತ.

ಕಬ್ಬಿನ ಗಾಡಿ ಸವರಿಕೊಂಡು ಹೋಯಿತು ಎಂದ. ನಾನು ನೀರು ಕೇಳುವ ನೆಪದಲ್ಲಿ ಒಳಗೆ ಹೋಗಿ ಅವನ ಹೆಂಡತಿಯನ್ನೂ ಕೇಳಿದೆ. ಅವಳೂ ಕಬ್ಬಿನ ಗಾಡಿ ಎಂದಳು. ಹೊರಗೆ ಬಂದು ಸವಿತಳಿಗೆ ಹೂಂ ಎಂದು ತಲೆಯಾಡಿಸಿದೆ. ಮನೆಗೆ ಅವಳೇ ಓಡಿಸಿಕೊಂಡು ಬಂದಳು.

ಈಗಲೂ ಯಾರಾದರೂ ಹಳೇದನ್ನು ಮಾರಲು ಹೊರಟರೆ ನನ್ನನ್ನು ಕೇಳುತ್ತಾರೆ, ಸರಿಮಾಡಿಸಬೇಕಾ ಬೇಡವಾ ಎಂದು. ಏನಾಯಿತು ಎಂದು ತೋರಿಸಲು ಏನಾದರೂ ಉಳಿಸಿಕೊಳ್ಳಿ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದದ್ದು ಬೇರೆಯೇ ಇದೆ. ಕೆರೆಯಲ್ಲಿ ದಿನವೂ ತನ್ನ ಮುಖ ಕಾಣುವ ಎತ್ತು ನೀರನ್ನು ಗುಮ್ಮುವುದಿಲ್ಲ. ಬಾಗಿಲನ್ನು ಏಕೆ ಗುಮ್ಮಿತು? ಹಿತ್ತಾಳೆ ತಟ್ಟೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಅದರ ಮುಂದೆ ಹಿಡಿದು ನೋಡಿದ್ದೇನೆ. ನೆಕ್ಕಿತು, ಅಷ್ಟೇ.

ಮೊನ್ನೆ ಸವಿತ ಆಟೋ ತೊಳೆದಳು, ಕೊಟ್ಟಿಗೆಯಿಂದ ದೂರದಲ್ಲಿ. ನಾನು ಹೋಗಿ ಅದರ ಬಾಗಿಲಿಗೆ ಬಗ್ಗಿ ನೋಡಿದೆ. ಒಳಗಿನಿಂದ ಒಬ್ಬಳು ಹಲ್ಲಿಲ್ಲದ ಮುದುಕಿ ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು. ನನಗೇನೂ ಗುಮ್ಮಬೇಕು ಅನ್ನಿಸಲಿಲ್ಲ.