ದೊಡ್ಡಪ್ಪ ತೆಗೆದುಕೊಟ್ಟ ಟೋಪಿ

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಹೀಗಿದೆ: ದೊಡ್ಡಪ್ಪ ಇಪ್ಪತ್ತೆಂಟು ವರ್ಷ ಚಿನ್ನದ ಗಣಿಯ ಆಳದಲ್ಲಿ ಬೆಂದರು, ಆ ಬಿಸಿಗೆ ಒಗ್ಗಿಹೋದ ಮೈಗೆ ಮೇಲಿನ ಗಾಳಿ ಹಿಡಿಸಲಿಲ್ಲ, ಅದಕ್ಕೇ ಕೊನೆಗಾಲದಲ್ಲಿ ಬೇಸಗೆಯಲ್ಲೂ ಚಳಿ ಚಳಿ ಎಂದು ನಡುಗಿದರು. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಕಾರಣವಿದೆ, ಪರಿಣಾಮವಿದೆ, ನಡುವೆ ಸ್ವಲ್ಪ ಕಣ್ಣೀರೂ ಇದೆ. ಇಲ್ಲದಿರುವುದು ನಿಜವೊಂದೇ.

ಈ ಕಥೆಯನ್ನು ಇವತ್ತು ಮತ್ತೆ ಕೇಳಬೇಕಾಯಿತು. ದೊಡ್ಡಪ್ಪನ ವರ್ಷದ ಎಡೆ. ಬೇತಮಂಗಲದ ರಸ್ತೆಗೆ ಅಂಟಿಕೊಂಡ ನಮ್ಮೂರ ಮನೆಯಲ್ಲಿ ಬಾಳೆಯೆಲೆ ಹಾಸಿ ಮುದ್ದೆ, ಮಟನ್ ಸಾರು, ಒಬ್ಬಟ್ಟು, ಡಾಕ್ಟರು ಬಿಡಿಸಿದ್ದ ಬೀಡಿಯ ಒಂದು ಕಟ್ಟು ಎಲ್ಲ ಇಟ್ಟಾಗಿತ್ತು. ಹೋದವರಿಗೆ ಇಷ್ಟವಾದದ್ದನ್ನು ಇಡುವುದು ವಾಡಿಕೆ. ಅಷ್ಟರಲ್ಲಿ ಅಪ್ಪ ಟ್ರಂಕು ತೆಗೆದರು. ನುಸಿಗುಳಿಗೆಯ ವಾಸನೆ ಮನೆಯನ್ನೆಲ್ಲ ತುಂಬಿತು. ಒಳಗಿಂದ ಬಂದದ್ದು ಕಂದುಬಣ್ಣದ ಉಣ್ಣೆಯ ಮಂಕಿ ಟೋಪಿ. ಅಪ್ಪ ಅದನ್ನು ಎಲೆಯ ಪಕ್ಕದಲ್ಲಿಟ್ಟು ಕೈ ಮುಗಿದರು.

"ಇಡಿ, ಇಡಿ. ಗಣಿಯ ಬಿಸಿ ಕುಡಿದ ಮೈ, ಪಾಪ" ಎಂದರು ಡಾಕ್ಟರು. ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಮೂರು ತಲೆಮಾರಿನ ನಾಡಿ ಹಿಡಿದವರು. ಈಗ ವಯಸ್ಸಾಗಿ ಕ್ಲಿನಿಕ್ ಮುಚ್ಚಿದ್ದಾರೆ. ಅಪ್ಪ ಅವರನ್ನು ಎಡೆಗೆ ತಪ್ಪದೆ ಕರೆಯುತ್ತಾರೆ, ಅವರೂ ತಪ್ಪದೆ ಬರುತ್ತಾರೆ.

ಮೇ ತಿಂಗಳ ಧಗೆಗಿಂತ ಹೆಚ್ಚಾಗಿ ನನ್ನ ಮೈ ಉರಿಯಿತು. ಏಕೆಂದು ನಿಮಗೆ ಹೇಳಿಯೇಬಿಡುತ್ತೇನೆ.

ದೊಡ್ಡಪ್ಪ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕಟ್ಟುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಬಂದು, ಎರಡು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಾಗ ಕಾಲು ಊದಿತು, ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿತು. ಹೃದಯ ಸೋತಿದೆ ಎಂದು ಡಾಕ್ಟರು ಕಂಡುಹಿಡಿದರು. ಅದು ನಿಜವೇ, ಅದಕ್ಕೆ ತಕರಾರಿಲ್ಲ. ನೀರಿನ ಮಾತ್ರೆ ಕೊಟ್ಟರು, ಉಪ್ಪು ಬಿಡಿಸಿದರು. ಸಪ್ಪೆ ಸಾರಿಗೆ ಮುಖ ಹಿಂಡುತ್ತಲೇ ದೊಡ್ಡಪ್ಪ ಚೇತರಿಸಿಕೊಂಡರು.

ಆಮೇಲೆ ಬಂತು ಈ ಚಳಿ. ಮೊದಲು ಸ್ವೆಟರು, ಅದರ ಮೇಲೆ ಕಂಬಳಿ, ಕೊನೆಗೆ ಟೋಪಿ. ಗಂಟಲು ಗೊಗ್ಗರಾಯಿತು, ಚರ್ಮ ಒರಟಾಯಿತು, ಹುಬ್ಬಿನ ತುದಿ ಉದುರಿತು. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರು ಹಟ್ಟಿ ಗುಡಿಸಿ ಬಂದಿರುತ್ತಿದ್ದರು. ಅವರ ಜೊತೆ ಗಣಿಗಿಳಿಯುತ್ತಿದ್ದ ಆರುಮುಗಂ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು, ಅಂಗಿ ಕಳಚಿ ಜಗಲಿಯ ಮೇಲೆ ಒರಗಿ, "ಎನ್ನಪ್ಪಾ, ಇದೇನು ಊಟಿನಾ?" ಎಂದು ತಮಿಳು ಬೆರೆಸಿ ರೇಗಿಸುವನು. ದೊಡ್ಡಪ್ಪ ನಿಧಾನವಾಗಿ ನಗುವರು. ಆ ನಗು ಮುಗಿಯಲೂ ಹೊತ್ತು ಹಿಡಿಯುತ್ತಿತ್ತು.

ಊರವರು ಗಣಿ ಎಂದರು. ಡಾಕ್ಟರು ಆಗ ಹಾರ್ಟ್ ಎಂದರು, ಗಣಿಯ ಕಥೆ ಅವರ ಬಾಯಿಗೂ ಹತ್ತಿದ್ದು ಆಮೇಲೆ. ಒಮ್ಮೆ ಹಾರ್ಟ್ ಪೇಷಂಟ್ ಎಂಬ ಹೆಸರು ಬಿತ್ತೋ, ಆಮೇಲೆ ಕಾಲಿಗೆ ಮುಳ್ಳು ಚುಚ್ಚಿದರೂ ಹಾರ್ಟೇ.

ಇದಕ್ಕೆ ಹೊರತಾದವರು ಒಬ್ಬರಿದ್ದರು. ಡಾಕ್ಟರು ತಿರುಪತಿಗೆ ಹೋಗಿದ್ದ ವಾರ ಅವರ ಕುರ್ಚಿಯಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ನನಗೆ ಇಂಗ್ಲಿಷು ಬರುತ್ತದೆಂದು ದೊಡ್ಡಪ್ಪನ ಜೊತೆ ನನ್ನನ್ನೇ ಕಳಿಸುತ್ತಿದ್ದರು. ಆಕೆ ದೊಡ್ಡಪ್ಪನನ್ನು ಸ್ಟೂಲಿನ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ಆದರೆ ವಾಪಸು ಬರಲು ಮರೆತಂತೆ ಮೆಲ್ಲಗೆ, ತುಕ್ಕು ಹಿಡಿದ ಕದದ ಹಾಗೆ ಬಂತು. ಆಕೆ ಇನ್ನೊಮ್ಮೆ ತಟ್ಟಿ ನೋಡಿ, ರಕ್ತ ತೆಗೆದು, ಬೆಂಗಳೂರಿಗೆ ಕಳಿಸಿದರು.

ಕಳಿಸುವಾಗ ನನಗೆ ಬಿಡಿಸಿ ಹೇಳಿದ್ದರು. ಕತ್ತಿನಲ್ಲಿ ಥೈರಾಯಿಡ್ ಎಂಬ ಗ್ರಂಥಿಯಿದೆ, ಮೈಯ ಬಿಸಿ, ಚುರುಕು ಎಲ್ಲ ಅದರ ಹಾರ್ಮೋನಿನದು. ಹೃದಯ ಸೋತವರಲ್ಲಿ ಗ್ರಂಥಿ ನೆಟ್ಟಗಿದ್ದರೂ ಹಾರ್ಮೋನು ಇಳಿಯುವುದುಂಟು. ಹಾಗೆ ಇಳಿದದ್ದಕ್ಕೆಲ್ಲ ಮಾತ್ರೆ ಕೊಡಬಾರದು, ಹೃದಯ ತಡೆಯುವುದಿಲ್ಲ. ಆದರೆ ಗ್ರಂಥಿಯೇ ಕೆಟ್ಟಿದ್ದರೆ ಮಾತು ಬೇರೆ. ಆಗ ಕೆಲಸ ಮಾಡು, ಕೆಲಸ ಮಾಡು ಎಂದು ತಲೆಯೊಳಗಿಂದ ಅದಕ್ಕೆ ಕೂಗು ಹೋಗುತ್ತದೆ. "ರಿಪೋರ್ಟಿನ ಮೂರನೇ ಸಾಲು ಆ ಕೂಗಿನ ಅಳತೆ. ಅದನ್ನ ಮಾತ್ರ ಮರೀದೆ ನೋಡಿ."

ರಿಪೋರ್ಟು ಬರುವಷ್ಟರಲ್ಲಿ ಆಕೆ ಬೆಂಗಳೂರಿನ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದರು. ಕಾಗದವನ್ನು ನಾನೇ ನಮ್ಮ ಡಾಕ್ಟರ ಕೈಗೆ ಕೊಟ್ಟೆ. ಅವರು ಮೇಲಿನ ಸಾಲಿನ ಮೇಲೆ ಕಣ್ಣಾಡಿಸಿ, "ಹಾರ್ಟ್ ಸೋತವರಿಗೆ ಇದು ಕಮ್ಮಿ ಇರೋದು ಮಾಮೂಲಮ್ಮ. ಇದನ್ನ ನಂಬಿ ಮಾತ್ರೆ ಕೊಟ್ಟರೆ ಇರೋ ಹಾರ್ಟೂ ಹೋಗುತ್ತೆ" ಎಂದು ಮಡಿಸಿ ವಾಪಸು ಕೊಟ್ಟರು. ಅರ್ಧ ನಿಜ ನೋಡಿ, ಪೂರ್ತಿ ಸುಳ್ಳಿಗಿಂತ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ!

ನಾನೇನು ಮಾಡಿದೆ? ಕಾಲೇಜಿನ ಚರ್ಚಾಪಟು, ಎದುರು ಪಕ್ಷದವರ ಅಲ್ಪವಿರಾಮವನ್ನೂ ಬಿಡದವಳು, ಆ ಕಾಗದವನ್ನು ಬಿಡಿಸಿಯೂ ನೋಡದೆ ಟ್ರಂಕಿಗೆ ಹಾಕಿದೆ. ಅಷ್ಟೇ ಅಲ್ಲ, ಐದು ತಿಂಗಳಾದ ಮೇಲೆ ಬಂಗಾರಪೇಟೆಯಲ್ಲಿ ನಡೆದ ಚರ್ಚಾಸ್ಪರ್ಧೆಯಲ್ಲಿ ದೊಡ್ಡಪ್ಪನನ್ನೇ ವೇದಿಕೆಗೆ ಏರಿಸಿದೆ. ಗಣಿ ಕಾರ್ಮಿಕರ ಮೈಯ ಬಿಸಿಯನ್ನು ಕದ್ದಿದೆ ಎಂದು ಗುಡುಗಿದೆ. ಬಿಸಿ ಹೇಗಮ್ಮ ಬಿಸಿಯನ್ನು ಕದಿಯುತ್ತದೆ ಎಂದು ಎದುರು ಪಕ್ಷದವರೂ ಕೇಳಲಿಲ್ಲ, ತೀರ್ಪುಗಾರರೂ ಕೇಳಲಿಲ್ಲ. ಚಪ್ಪಾಳೆ ಬಿತ್ತು, ಕಪ್ಪು ಸಿಕ್ಕಿತು.

ಕಪ್ಪನ್ನು ತಂದು ದೊಡ್ಡಪ್ಪನ ಮುಂದಿಟ್ಟು ಭಾಷಣವನ್ನು ಮತ್ತೊಮ್ಮೆ ಒಪ್ಪಿಸಿದೆ. ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಹೆಬ್ಬೆಟ್ಟು ಒತ್ತುವವಳು. ಎಲ್ಲ ಕೇಳಿ, ಕೈ ನಿಲ್ಲಿಸದೆ ಹೇಳಿದಳು:

"ಅಲ್ಲ ಕಣಮ್ಮಣ್ಣಿ, ಆರುಮುಗಂನೂ ಇವರ ಜತೇಲೇ ಇಳೀತಿದ್ದೋನಲ್ವಾ? ಅದೇ ಬಿಸಿ, ಅದೇ ಕತ್ಲೆ. ಅವ್ನು ಬರೀ ಮೈನಾಗೆ ಬಿದ್ಕೊಂತಾನೆ. ಇವ್ರೊಬ್ಬರಿಗೇ ಯಾಕೆ ಚಳಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಬಂತು. "ಮೈನು ಬಿಟ್ಟು ಆರು ವರ್ಸ ಆಯ್ತು. ಚಳಿ ಬಂದಿದ್ದು ಓದ ವರ್ಸ. ಅಲ್ಲೀಗಂಟ ಆ ಚಳಿ ಎಲ್ಲಿಗೋಗಿತ್ತು?"

ಎರಡೇ ಪ್ರಶ್ನೆ. ನನ್ನ ಕಪ್ಪು ಅಲ್ಲೇ ತಗಡಾಯಿತು. ಸುಳ್ಳೇಕೆ ಹೇಳಲಿ, ನಾನು ಟ್ರಂಕು ತೆಗೆದದ್ದು ದೊಡ್ಡಪ್ಪನ ಚಿಂತೆಯಿಂದಲ್ಲ, ದೊಡ್ಡಮ್ಮನಿಗೆ ಎದುರುತ್ತರ ಹುಡುಕಲು. ಕಾಗದ ಬಿಡಿಸಿದೆ. ಮೊದಲ ಎರಡು ಸಾಲು ಕಡಿಮೆ. ಮೂರನೆಯದು ಪಕ್ಕದಲ್ಲೇ ಅಚ್ಚಾಗಿದ್ದ ಮಿತಿಯನ್ನು ಎಷ್ಟೋ ಪಟ್ಟು ದಾಟಿ ನಿಂತಿತ್ತು. ಅದನ್ನು ಓದಲು ಡಾಕ್ಟರಾಗಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಐದು ತಿಂಗಳಿಂದ ಆ ಕೂಗು ನಮ್ಮ ಮನೆಯ ಟ್ರಂಕಿನಲ್ಲೇ ಮಡಿಸಿಕೊಂಡು ಕೂತಿತ್ತು.

ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಲೇಡಿ ಡಾಕ್ಟರನ್ನು ಹುಡುಕಿದೆವು. ಆಕೆ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಹೃದಯ ಸೋತಿರುವುದರಿಂದ ಥೈರಾಯಿಡ್ ಮಾತ್ರೆಯ ಕಾಲುಭಾಗದಿಂದ ಶುರು ಮಾಡಿ, ಎದೆಬಡಿತ ಕೇಳಿಕೊಂಡು, ವಾರಗಟ್ಟಲೆ ಕಾದು ಮೆಲ್ಲಗೆ ಏರಿಸಿದರು. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಆರುಮುಗಂ ಜಗಲಿಯಲ್ಲಿ ಏನೋ ಹರಟುತ್ತಿದ್ದ. ದೊಡ್ಡಪ್ಪನ ಮೇಲ್ದುಟಿಯ ಮೇಲೆ ಬೆವರಿತ್ತು. ಟೋಪಿ ಕಿತ್ತು ದೊಡ್ಡಮ್ಮನ ಕೈಗೆ ಕೊಟ್ಟು, "ಎತ್ತಿ ಮಡಗು ಇದ್ನ. ಸೆಕೆ" ಎಂದರು. ಬೀಸಣಿಗೆ ತರಲೆಂದು ಒಳಗೆ ಹೋದ ದೊಡ್ಡಮ್ಮ ಬಹಳ ಹೊತ್ತು ಈಚೆ ಬರಲಿಲ್ಲ.

ಮರುವರ್ಷ ಅವರು ಹೋದರು, ಹೃದಯದಿಂದಲೇ. ಮನೆಯವರ ಬಾಯಲ್ಲಿ ಮಾತ್ರ ಗಣಿಯ ಕಥೆಯೇ ಉಳಿಯಿತು. ಮೊದಲೇ ಮಾತ್ರೆ ಕೊಟ್ಟಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೇ? ಗೊತ್ತಿಲ್ಲ. ಪುರಾವೆಯಿಲ್ಲದ್ದನ್ನು ನಾನು ಇನ್ನು ವಾದಿಸುವುದಿಲ್ಲ, ಒಂದು ಕಪ್ಪು ಸಾಕು. ಆದರೆ ಇಷ್ಟಕ್ಕೆ ಪುರಾವೆಯಿದೆ: ಒಬ್ಬ ಮನುಷ್ಯನನ್ನು ನಾವೆಲ್ಲ ಸೇರಿ ಐದು ತಿಂಗಳು ಸುಮ್ಮಸುಮ್ಮನೆ ಚಳಿಯಲ್ಲಿ ಕೂರಿಸಿದೆವು. ಕೂರಿಸಿ, ಅದಕ್ಕೊಂದು ಚಂದದ ಕಥೆಯನ್ನೂ ಹೊದಿಸಿದೆವು. ಈಗ ಅವರೇ ಕಿತ್ತುಕೊಟ್ಟ ಟೋಪಿಯನ್ನು ಅವರ ಎಡೆಗೇ ಇಟ್ಟು ಕೈ ಮುಗಿಯುತ್ತೇವೆ!

ಮೂರು ನಿಮಿಷದ ಭಾಷಣ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ದೊಡ್ಡಮ್ಮ ಅಡುಗೆಮನೆಯಿಂದ ಬಂದು, ಎಡೆಯ ಎಲೆಯ ಪಕ್ಕದಿಂದ ಟೋಪಿಯನ್ನೆತ್ತಿ ನನ್ನ ಮಡಿಲಿಗೆ ಹಾಕಿದಳು. ಆ ಜಾಗದಲ್ಲಿ ಬೀಸಣಿಗೆಯನ್ನಿಟ್ಟಳು. ಊಟಕ್ಕೆ ಕೂತು ಒಬ್ಬಟ್ಟು ಮುರಿಯುತ್ತಿದ್ದ ಡಾಕ್ಟರು ತಲೆಯೆತ್ತಿದರು.

ಭಾಷಣ ಅಲ್ಲೇ ಆರಿಹೋಯಿತು. ಟ್ರಂಕಿನ ತಳದಲ್ಲಿ ಆ ಕಾಗದ ಇನ್ನೂ ಇತ್ತು. ಮಡಿಕೆ ಬಿಡಿಸಿ, ಡಾಕ್ಟರ ಎಲೆಯ ಪಕ್ಕದಲ್ಲಿಟ್ಟು, ಬೆರಳಿಟ್ಟು ತೋರಿಸಿದೆ.

"ಈ ಮೂರನೇ ಸಾಲನ್ನ ಒಂದ್ಸಲ ಗಟ್ಟಿಯಾಗಿ ಓದ್ತೀರಾ, ಸಾರ್?"