ಈರಣ್ಣ ಬಡಿದ ಮುಚ್ಚಳ

ಬೆಳಗಿನಿಂದ ಒಂದು ಡಬ್ಬಿಯ ಜೊತೆ ಗುದ್ದಾಡುತ್ತಿದ್ದೇನೆ. ಅಂಗೈಯಗಲದ ಬಣ್ಣದ ಡಬ್ಬಿ. ಒಳಗೆ ಅರ್ಧದಷ್ಟು ಹಸಿರು ಬಣ್ಣವಿದೆ ಎಂಬುದು ಅಲ್ಲಾಡಿಸಿದರೆ ತಿಳಿಯುತ್ತದೆ. ಹೊರಗೆ ಬರುವ ಮನಸ್ಸು ಮಾತ್ರ ಅದಕ್ಕಿಲ್ಲ. ಚಮಚದಿಂದ ಮೀಟಿದೆ, ಚಮಚ ಬಾಗಿತು. ಸ್ಕ್ರೂಡ್ರೈವರಿನಿಂದ ಮೀಟಿದೆ, ಡಬ್ಬಿಯ ಅಂಚು ನೆಗ್ಗಿತು, ಮುಚ್ಚಳ ಜಪ್ಪಯ್ಯ ಎನ್ನಲಿಲ್ಲ. "ಅತ್ತಿ, ಅಂಗಡ್ಯಾಗ ಹೊಸಾದು ಸಿಗತೈತಿ, ಬಿಡ್ರಿ ಅದನ್ನ" ಎಂದು ಸೊಸೆ ಎರಡು ಸಲ ಹೇಳಿ ಹೋದಳು.

ಸಿಗುತ್ತದೆ, ನನಗೂ ಗೊತ್ತು. ಆದರೆ ಈ ಮುಚ್ಚಳವನ್ನು ಬಡಿದು ಕೂರಿಸಿದವನು ನನ್ನ ಮೈದುನ ಈರಣ್ಣ. ಅವನು ತೀರಿಹೋಗಿ ಈ ಶ್ರಾವಣಕ್ಕೆ ವರ್ಷವಾಯಿತು. ಹೋಗುವ ಮುಂಚೆ ನಾವೀಗ ಇರುವ ಸಿಂದಗಿಗೆ ಬಂದು ನಮ್ಮ ಮುಂಬಾಗಿಲಿಗೆ ಒಂದು ಕೈ ಬಣ್ಣ ಹೊಡೆದು, "ಎರಡನೇ ಕೈ ಪಂಚಮಿ ಆದಮ್ಯಾಲೆ ಹೊಡೀತೇನ್ರಿ ವೈನಿ" ಎಂದು ಅತ್ತಿಗೆಯಾದ ನನಗೆ ಹೇಳಿ, ಉಳಿದ ಬಣ್ಣವನ್ನು ತನ್ನ ಜೊತೆಗೇ ಇಂಡಿಗೆ ಒಯ್ದಿದ್ದ. ನನ್ನ ಮನೆಯಲ್ಲಿಟ್ಟರೆ ನಾನು ಕೆಡಿಸುತ್ತೇನೆ ಎಂಬುದು ಅವನ ಗಟ್ಟಿ ನಂಬಿಕೆ. ಮೊನ್ನೆ ಅವನ ಹೆಂಡತಿ ಗಂಗಾ, ಇತ್ತ ಬರುವವರ ಕೈಯಲ್ಲಿ ಆ ಡಬ್ಬಿಯನ್ನು ಕಳಿಸಿಕೊಟ್ಟಳು. ಈಗ ನೀವೇ ಹೇಳಿ, ಅಂಗಡಿಯಿಂದ ಹೊಸದು ತರುವುದು ಹೇಗೆ?

ನಾನು ಮುದ್ದೇಬಿಹಾಳದಿಂದ ಇಂಡಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಹೊಸ ಸೊಸೆಗೆ ಗಂಡನ ಮನೆಯ ನೆನಪು ಅಡುಗೆಯ ವಾಸನೆಯಿಂದ ಶುರುವಾಗುತ್ತದೆ ಎನ್ನುತ್ತಾರೆ. ನನಗೆ ಶುರುವಾದದ್ದು ಸೀಮೆಎಣ್ಣೆ ಮತ್ತು ಅಗಸೆ ಎಣ್ಣೆಯ ವಾಸನೆಯಿಂದ. ಈರಣ್ಣ ಮನೆಯ ಮುಂದಿನ ಅಂಗಳದಲ್ಲಿ ಕಬ್ಬಿಣದ ಟ್ರಂಕು, ಕಪಾಟು, ಆಗಷ್ಟೇ ನಮ್ಮ ಕಡೆ ಕಾಣತೊಡಗಿದ್ದ ಟ್ರ್ಯಾಕ್ಟರ್ ಟ್ರೇಲರುಗಳನ್ನು ರಿಪೇರಿ ಮಾಡಿ ಬಣ್ಣ ಹೊಡೆಯುತ್ತಿದ್ದ. ಕೈಗೆಲಸ ಬಂಗಾರದಂಥದು. ಅವನ ವೈರಿಗಳೆಂದರೆ ಡಬ್ಬಿಗಳು.

ಬಣ್ಣದ ಡಬ್ಬಿ ಮಾಡುವವರು, ತೆರೆದವನು ಅದನ್ನು ಮತ್ತೆ ಮುಚ್ಚಬೇಕಾಗುತ್ತದೆ ಎಂದು ಒಂದು ಗಳಿಗೆಯೂ ಯೋಚಿಸಿದಂತಿರಲಿಲ್ಲ. ಬಾಯಿಯ ಸುತ್ತ ಒಂದು ಕಾಲುವೆ ಇರುತ್ತಿತ್ತು. ಬ್ರಷ್ ಒರೆಸಿದ ಬಣ್ಣವೆಲ್ಲ ಆ ಕಾಲುವೆಗೆ ಇಳಿದು ಅಲ್ಲೇ ಒಣಗುವುದು. ಆಮೇಲೆ ಮುಚ್ಚಳ ಕೂರುವುದಿಲ್ಲ. ಕೂರದಿದ್ದರೆ ಗಾಳಿ ಹೊಗುತ್ತದೆ, ಗಾಳಿ ಹೊಕ್ಕರೆ ಬಣ್ಣದ ಮೇಲೆ ದಪ್ಪ ಕೆನೆ ಕಟ್ಟುತ್ತದೆ. ಹಾಲಿಗೆ ಕೆನೆ ಕಟ್ಟಿದರೆ ನಮ್ಮ ಅತ್ತೆಗೆ ಹಬ್ಬ. ಬಣ್ಣಕ್ಕೆ ಕೆನೆ ಕಟ್ಟಿದರೆ ಅವರ ಮಗನಿಗೆ ಸೂತಕ. ಕಡ್ಡಿಯ ತುದಿಗೆ ಆ ಕೆನೆಯನ್ನು ಎತ್ತಿ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದ. "ನೋಡ್ರಿ ವೈನಿ, ಸೊಲ್ಲಾಪುರಕ್ಕ ಹೋಗಿ ಇದನ್ನ ತಂದೆನೇನ್ರಿ ನಾ?" ಒಳ್ಳೆಯ ಬಣ್ಣ ಬೇಕೆಂದರೆ ಆಗ ರೈಲು ಹತ್ತಿ ಸೊಲ್ಲಾಪುರಕ್ಕೇ ಹೋಗಬೇಕಿತ್ತು. ಅವನ ದುಃಖಕ್ಕೆ ಅರ್ಥವಿತ್ತು.

ಪುಟ್ಟಿಯದು ಇನ್ನೊಂದು ರಗಳೆ. ಮರದ ಬಿರುಕು, ತಗಡಿನ ತಗ್ಗು ತುಂಬುವ ಆ ಮುದ್ದೆ, ತೆರೆದ ವಾರದಲ್ಲೇ ಡಬ್ಬಿಯೊಳಗೆ ಕಲ್ಲಾಗುತ್ತಿತ್ತು. ಡಬ್ಬಿ ಹರಿದು ತೆಗೆದರೆ ಡಬ್ಬಿಯ ಆಕಾರದ ಒಂದು ಗುಂಡುಕಲ್ಲು ಸಿಗುವುದು. ಅತ್ತೆ ಅಂಥದೊಂದನ್ನು ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಇಟ್ಟುಕೊಂಡಿದ್ದರು. ಕೊನೆಗೆ ಈರಣ್ಣ ತಾನೇ ಚಾಕ್‌ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿ, ಮಣ್ಣಿನ ಗಡಿಗೆಯಲ್ಲಿ ನೀರೊಳಗೆ ಮುಳುಗಿಸಿಡತೊಡಗಿದ. ನೋಡಲು ಥೇಟ್ ಹೋಳಿಗೆಯ ಕಣಕ. ನಮ್ಮ ಕಡೆ ಅಗಸೆ ತಿನ್ನುವ ಪದಾರ್ಥವೇ ಆದ್ದರಿಂದ ವಾಸನೆಯೂ ಮೋಸ ಮಾಡುವಂಥದು. ಹಬ್ಬದ ದಿನ ನಾನು ಹೋಳಿಗೆ ತಟ್ಟುವ ಮುಂಚೆ ಕಣಕವನ್ನು ಚೂರು ಬಾಯಿಗೆ ಹಾಕಿ ನೋಡುವ ಚಟ ಅಂಟಿಸಿಕೊಂಡದ್ದು ಆಗಲೇ. ಇಂದಿಗೂ ಬಿಟ್ಟಿಲ್ಲ.

ಬಣ್ಣ ಕೆಡದಿರಲಿ ಎಂದು ಅವನು ಮಾಡದ ಉಪಾಯವಿರಲಿಲ್ಲ. ಡಬ್ಬಿಗಳನ್ನು ತಲೆಕೆಳಗಾಗಿ ಇಟ್ಟ. ಹೆಸರು ಓದಬೇಕಾದವರು ಕುತ್ತಿಗೆ ತಿರುವಿಕೊಂಡು ಓದಬೇಕಾಯಿತು. ಸಡಿಲವಿದ್ದವು ಸೋರಿ ಹಲಗೆಗೆ ಅಂಟಿಕೊಂಡವು. ಆಮೇಲೆ ಉಳಿದ ಬಣ್ಣವನ್ನೆಲ್ಲ ಖಾಲಿ ವನಸ್ಪತಿ ಡಬ್ಬಿಗಳಿಗೆ ಸುರಿದ. ಅವುಗಳ ಮುಚ್ಚಳ ಬಿಗಿ. ಆ ಬಿಗಿಯೂ ಸಾಲದೆಂದು ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ಠಣ್ ಠಣ್ ಎಂದು ಬಡಿಯುವುದು. ಗಾಳಿಯಂತೂ ಒಳಗೆ ಹೋಗಲಿಲ್ಲ, ಸರಿ. ಆದರೆ ಬಡಿದವನಿಂದಲೂ ತೆರೆಯಲಾಗುತ್ತಿರಲಿಲ್ಲ. ಎಷ್ಟೋ ಸಲ ಡಬ್ಬಿಯ ತಳವನ್ನೇ ಉಳಿಯಿಂದ ತೂತು ಹೊಡೆದು ಬಣ್ಣ ತೆಗೆದದ್ದಿದೆ. ಹಾಗೆ ತೂತು ಹೊಡೆದ ಮೇಲೆ ಅದನ್ನು ಮುಚ್ಚುವುದು ಹೇಗೆಂದು ಮತ್ತೆ ತಲೆ ಕೆಡಿಸಿಕೊಳ್ಳುತ್ತಿದ್ದ.

ಇಂಥ ಗಂಡಿಗೆ ಹೆಣ್ಣು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಬಣ್ಣದವನ ಮದುವೆ ಮಾಡಿ ನೋಡು ಎಂದು ಸೇರಿಸಬೇಕಿತ್ತು. ಹೊರ್ತಿಯಿಂದ ಮನೆ ನೋಡಲು ಬಂದ ಬೀಗರು ಹಸಿ ಟ್ರಂಕಿನ ಮೇಲೆ ಕುಳಿತು, ಬಿಳಿ ಧೋತರಕ್ಕೆ ಹಸಿರು ಮುದ್ರೆ ಒತ್ತಿಸಿಕೊಂಡು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಈರಣ್ಣನಿಗೆ ಆಗ ಬೇಸರವೇನೂ ಆಗಿರಲಿಲ್ಲ. ಟ್ರಂಕಿಗೆ ಮತ್ತೊಂದು ಕೈ ಹೊಡೆಯಬೇಕಾಯಿತೆಂದು ಗೊಣಗಿದ, ಅಷ್ಟೆ.

ಬೇಸರ ಎಂದರೇನೆಂದು ಅವನಿಗೆ ತಿಳಿಯುವ ಕಾಲ ಆಮೇಲೆ ಬಂತು. ಬಸವನ ಬಾಗೇವಾಡಿಯಲ್ಲಿ ನನ್ನ ತವರಿನ ಕಡೆಯವರ ಮದುವೆ. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದ ನನ್ನ ಹತ್ತಿರ ಬಂದು ಈರಣ್ಣ ಮೆಲ್ಲಗೆ ಕೇಳಿದ, "ವೈನಿ, ಅಕಿ ಯಾರ್ರಿ? ಆ ನೀಲಿ ಸೀರಿ... ನೀಲಿ ಅಲ್ಲ, ನೀಲ್ಯಾಗ ಒಂದು ಹನಿ ಕರೀದು ಬೆರಸಿದಂಗ ಐತಿ ನೋಡ್ರಿ." ಹುಡುಗಿ ಇಂಗಳೇಶ್ವರದ ಗಂಗಾ, ನನಗೆ ದೂರದ ಸಂಬಂಧ. ಇಂಡಿಗೆ ವಾಪಸ್ಸು ಬಂದ ಮೇಲೆ ಈರಣ್ಣ ದಿನಾ ಸಂಜೆ ಸೀಮೆಎಣ್ಣೆಯಿಂದ ಉಗುರು ತೊಳೆಯತೊಡಗಿದ. ಗಂಗಾಳ ಮನೆಯವರು ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದ ದಿನ ನನ್ನೆದುರು ನಿಂತು, "ಇದು ತಪ್ಪಿದರ ನನ್ನ ಮದಿವಿ ಸುದ್ದೀನ ತಗೀಬ್ಯಾಡ್ರಿ ವೈನಿ" ಎಂದ. ತಮಾಷೆಗೆ ಆಡಿದ ಮಾತಲ್ಲ ಅದು.

ಅವರು ಬರುವ ದಿನ ಅತ್ತೆಯ ಅಪ್ಪಣೆ ಒಂದೇ: ಒಂದು ಡಬ್ಬಿಯೂ ಕಣ್ಣಿಗೆ ಬೀಳಬಾರದು. ಅಂಗಳದ ಡಬ್ಬಿಗಳನ್ನೆಲ್ಲ ಹೊತ್ತು ತಂದು ಅಡುಗೆಮನೆಯ ಮೂಲೆಯಲ್ಲಿ ಒಟ್ಟಿ, ಮೇಲೆ ಕೌದಿ ಹೊದಿಸಿದೆವು. ನಾನು ಉಂಡಿ, ಸಕ್ಕರೆ, ಚಹಾಪುಡಿ ತುಂಬಿಟ್ಟ ಡಬ್ಬಿಗಳೂ ವನಸ್ಪತಿಯವೇ, ಅಲ್ಲೇ ಪಕ್ಕದಲ್ಲೇ ಇದ್ದವು. ಬಣ್ಣದ ವಾಸನೆ ಬರಬಾರದೆಂದು ಈರಣ್ಣ ಬೆಳಿಗ್ಗೆ ನಾನು ನೀರಿಗೆ ಹೋದ ಹೊತ್ತಿನಲ್ಲಿ ಕೊಡತಿ ಹಿಡಿದು ಕೂತು, ಕಣ್ಣಿಗೆ ಕಂಡ ಡಬ್ಬಿಯ ಮುಚ್ಚಳವನ್ನೆಲ್ಲ ಬಡಿದು ಭದ್ರ ಮಾಡಿದ. ನನ್ನವನ್ನೂ.

ಬೀಗರು ಬಂದರು. ಹುಡುಗಿಯ ಅಪ್ಪ, ಜೊತೆಗೆ ಅವಳ ಸೋದರತ್ತೆ ನಿಂಗವ್ವ. ಆ ಮನೆಯಲ್ಲಿ ನಿಂಗವ್ವನ ಮಾತೇ ಕೊನೆಯ ಮಾತೆಂದು ನಮಗೆ ಮೊದಲೇ ಸುದ್ದಿ ಇತ್ತು. ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂರಿಸಿ, ಒಳಗೆ ಬಂದು ಚಹಾಕ್ಕೆ ನೀರಿಟ್ಟೆ. ಚಹಾಪುಡಿಯ ಡಬ್ಬಿಗೆ ಕೈ ಹಾಕಿದರೆ ಮುಚ್ಚಳ ಅಲುಗಲೊಲ್ಲದು. ಸಕ್ಕರೆಯದೂ ಹಾಗೇ. ಅತ್ತೆ ಎರಡೂ ಪಾದಗಳ ನಡುವೆ ಡಬ್ಬಿ ಅವುಚಿ ಹಿಡಿದರು, ನಾನು ಸೌಟಿನ ಹಿಡಿಯಿಂದ ಮೀಟಿದೆ. "ಇವನ ಕೈಗೆ ಹಾವು ಕಡೀಲಿ" ಎಂದು ಬೈದು, ಮದುವೆಯ ಮಾತುಕತೆಯ ದಿನ ಇಂಥ ಮಾತಾಡಬಾರದೆಂದು ನೆನಪಾಗಿ, ಅತ್ತೆ ಕೆನ್ನೆ ಬಡಿದುಕೊಂಡರು. ಹೊರಗೆ ನಮ್ಮ ಯಜಮಾನರು ಒಳಗಿನ ಧಡಧಡ ಕೇಳಿಸದಿರಲಿ ಎಂದು ಲಿಂಬೆಯ ತೋಟದ ವಿಷಯವನ್ನು ಭಾಷಣದಂತೆ ಗಟ್ಟಿಯಾಗಿ ಹೇಳುತ್ತಿದ್ದರು. ಚಹಾದ ನೀರು ಕುದಿದು ಕುದಿದು ಅರ್ಧವಾಯಿತು.

"ಏನ್ ನಡಿಸೀರಿ ತಂಗಿ? ಒಳಗ ಬಡಿಗ್ಯಾರನ್ನ ಕೂಡಿಸೀರೇನು?" ಬಾಗಿಲಲ್ಲಿ ನಿಂಗವ್ವ! ಹೆಣ್ಣಿನ ಕಡೆಯ ಹೆಂಗಸು ಅಡುಗೆಮನೆ ನೋಡದೆ ಹೋಗುವುದಿಲ್ಲ ಎಂಬುದು ನಮ್ಮ ತಲೆಯಿಂದ ಹಾರಿಯೇ ಹೋಗಿತ್ತು. ಅತ್ತೆ ಪಾದಗಳ ನಡುವಿನ ಡಬ್ಬಿಯನ್ನು ಸೀರೆಯಿಂದ ಮುಚ್ಚಿಕೊಳ್ಳಲು ನೋಡಿದರು. ನಿಂಗವ್ವ ಕೆಳಗೆ ಕೂತು ಅದನ್ನು ಎಳೆದುಕೊಂಡು, ಒಂದು ಚಮಚ ಕೇಳಿ ತೆಗೆದುಕೊಂಡಳು. "ಒಂದ ಕಡೆ ಜೋರ ಮಾಡಿದರ ಇದು ಬರೂದಿಲ್ಲವ್ವ. ಸುತ್ತ ಹೋಗಬೇಕು. ಇಲ್ಲಿ ಒಂದೀಟು, ಅಲ್ಲಿ ಒಂದೀಟು. ತಾನ ಮ್ಯಾಲೆ ಬರತೈತಿ." ಚಹಾಪುಡಿ ಬಂತು, ಸಕ್ಕರೆ ಬಂತು. ನಮಗೆ ಹೋದ ಜೀವ ಬಂತು.

"ಉಂಡಿ ಡಬ್ಬಿ ಇದೇನು?" ಎನ್ನುತ್ತ ನಿಂಗವ್ವ ಕೌದಿಯ ಅಂಚಿನಿಂದ ಇನ್ನೊಂದನ್ನು ಎಳೆದಳು. ಅಲ್ಲ ಎಂದು ನಾನು ಬಾಯಿ ತೆರೆಯುವುದರೊಳಗೆ ಅವಳ ಚಮಚ ಸುತ್ತು ಹಾಕಿ ಮುಗಿಸಿತ್ತು. ಮುಚ್ಚಳ ಫಟ್ಟೆಂದು ಹಾರಿತು. ಟ್ರೇಲರಿಗೆ ಹೊಡೆಯುವ ಕೆಂಪು ಬಣ್ಣ ನಿಂಗವ್ವನ ಮುಂಗೈ, ಮೂಗು, ಇಳಕಲ್ ಸೀರೆಯ ಮಡಿಲ ಮೇಲೆಲ್ಲ ಚೆಲ್ಲಿತು.

ಮುಚ್ಚಳ ಹಾರಿದ ಸದ್ದು ಈರಣ್ಣನಿಗೆ ಗೊತ್ತಿಲ್ಲದ್ದೇ? ಪಡಸಾಲೆಯಿಂದ ಓಡಿ ಬಂದ. ನಿಂಗವ್ವನ ಮುಖವನ್ನು ನೋಡಲಿಲ್ಲ, ಸೀರೆಯನ್ನು ನೋಡಲಿಲ್ಲ, ನೇರವಾಗಿ ಡಬ್ಬಿಯೊಳಗೆ ಬಗ್ಗಿ ನೋಡಿದ. ನೋಡಿದವನೇ ಮನೆ ಹಾರಿಹೋಗುವಂತೆ ಕೂಗಿದ. "ವೈನೀ, ಕೆನಿ ಕಟ್ಟಿಲ್ಲರೀ! ನೋಡ್ರಿ, ಕೆನಿ ಕಟ್ಟಿಲ್ಲ!"

ಆಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನಿಂಗವ್ವ ಮೂಗಿನ ಮೇಲಿನ ಹನಿಯನ್ನು ಬೆರಳಿನಿಂದ ತೆಗೆದು, ಹೆಬ್ಬೆರಳಿಗೆ ಉಜ್ಜಿ ನೋಡಿದಳು. "ಯಾವಾಗ ಮುಚ್ಚಿಟ್ಟಿದ್ದೆಪಾ ಇದನ್ನ?"

"ಹ್ವಾದ ದೀಪಾವಳಿಗ್ರಿ."

"ನಿನ್ನೆ ತಂದಂಗ ಐತಲ್ಲೋ!"

ಆಗ ಈರಣ್ಣನಿಗೆ ಎಚ್ಚರವಾಯಿತು. ಮುಖ ಬಿಳುಚಿಕೊಂಡಿತು. ಸೀಮೆಎಣ್ಣೆಯನ್ನೂ ಹಳೆಯ ಬಟ್ಟೆಯನ್ನೂ ತಂದು ಅವಳ ಮುಂದೆ ನೆಲದಲ್ಲಿ ಕೂತು, ಸೀರೆಯ ಕಲೆಯನ್ನು ಅಂಚಿನಿಂದ ನಡುವಿಗೆ, ಹರಡದಂತೆ, ಎಳೆ ಜಗ್ಗದಂತೆ ಒತ್ತಿ ಒತ್ತಿ ತೆಗೆಯತೊಡಗಿದ. ಒಂದು ಕಡೆಯೂ ಅವಸರ ಮಾಡಲಿಲ್ಲ. ನಿಂಗವ್ವ ಕೊನೆಯವರೆಗೂ ಆ ಕೈಯನ್ನೇ ನೋಡುತ್ತ ಕೂತಿದ್ದಳು. ಚಹಾ ಕುಡಿದು, ಹೊರಗೆ ಹೋಗಿ ತನ್ನ ಅಣ್ಣನಿಗೆ ನಮಗೆಲ್ಲ ಕೇಳುವಂತೆಯೇ ಹೇಳಿದಳು: "ಅಣ್ಣಾ, ಹುಡುಗಗ ಒಂದೀಟು ಹುಚ್ಚೈತಿ. ಆದರ ಕೈಯಾಗ ಕೊಟ್ಟದ್ದನ್ನ ಕೆಡಸೂವಲ್ಲ. ಕೊಡೂಣು."

ಹೀಗೆ ಗಂಗಾ ನಮ್ಮ ಮನೆಗೆ ಬಂದಳು. ಬಂದವಳೇ ಅಡುಗೆಮನೆಯ ಹೊಸ್ತಿಲನ್ನು ಕೊಡತಿ ದಾಟಬಾರದೆಂದು ಕಟ್ಟಪ್ಪಣೆ ಹೊರಡಿಸಿದಳು. ಅಂಗಳದಲ್ಲಿ ಅವನು ಜನ್ಮವಿಡೀ ಬಡಿದ, ಅವಳು ಜನ್ಮವಿಡೀ ತೆರೆದುಕೊಟ್ಟಳು. ಅವರಿಬ್ಬರೂ ಜಗಳಾಡಿದ್ದನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಮಾತು ಬಿಟ್ಟದ್ದನ್ನು ಒಮ್ಮೆಯೂ ನೋಡಿಲ್ಲ.

ನೋಡಿ, ಇಷ್ಟೆಲ್ಲ ನಿಮಗೆ ಹೇಳಿದವಳು ಬೆಳಗಿನಿಂದ ನಾನೇ ಒಂದೇ ಕಡೆ ಜೋರು ಮಾಡುತ್ತ ಕೂತಿದ್ದೇನೆ! ವಯಸ್ಸಾದರೆ ಬುದ್ಧಿ ಬರುತ್ತದೆ ಎಂದವರು ಯಾರೋ. ಬಾಗಿದ ಚಮಚವನ್ನೇ ನೆಟ್ಟಗೆ ಮಾಡಿಕೊಂಡು ಮತ್ತೆ ಕೂತೆ. ಇಲ್ಲಿ ಒಂದೀಟು, ಅಲ್ಲಿ ಒಂದೀಟು. ಸುತ್ತು ಹಾಕಿದೆ, ಮತ್ತೊಂದು ಸುತ್ತು ಹಾಕಿದೆ. ಮುಚ್ಚಳ ನಿಟ್ಟುಸಿರು ಬಿಟ್ಟು ತಾನೇ ಮೇಲೆ ಬಂತು.

ಒಳಗೆ ಬಗ್ಗಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಒಂದು ವರ್ಷವಾಗಿದೆ, ಕಲ್ಲಾಗಿದ್ದರೆ ಏನು ಮಾಡಲಿ? ಕಣ್ಣು ಒರೆಸಿಕೊಂಡು ಬಗ್ಗಿದೆ. ಹಸಿರು ಬಣ್ಣ, ಈಗಷ್ಟೇ ಸುರಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಕಡ್ಡಿ ಅದ್ದಿ ಎತ್ತಿದರೆ ದಾರದಂತೆ ಇಳಿಯಿತು. ಅವನು ಇದ್ದಿದ್ದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಾನು ಸ್ವಲ್ಪ ಹೊತ್ತು ಕಾದೆ. ಮನೆಯಲ್ಲಿ ಯಾರೂ ಕೂಗಲಿಲ್ಲ.

ಹಾಗಾಗಿ ನಾನೇ ಕೂಗಿದೆ. "ಕೆನಿ ಕಟ್ಟಿಲ್ಲೋ ಈರಣ್ಣಾ!" ಹಾವು ಬಂತೆಂದು ತಿಳಿದು ಸೊಸೆ ಹಿತ್ತಲಿನಿಂದ ಓಡಿ ಬಂದಳು. ಮುಂಬಾಗಿಲು ತೋರಿಸಿ ಅವಳ ಕೈಗೆ ಬ್ರಷ್ ಕೊಟ್ಟೆ.